ಮರಿಯಳ ಸ್ತೋತ್ರ: ಶಾಸ್ತ್ರೀಯ ಗಾಯನ ಮತ್ತು ಕಾಫಿ ಸೀಮೆ

ಬೈಬಲ್ಲಿನ ಸ್ತ್ರೀಯರ ಪೈಕಿ ಸಂಗೀತಕ್ಕೆ ಅತಿ ಹೆಚ್ಚು ಒದಗಿದವಳು ಯೇಸುವಿನ ತಾಯಿ ಮರಿಯ. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ಗರ್ಭಿಣಿಯಾದ ಆಕೆ ಬಂಧು ಎಲಿಜಬೇತಳ ಮನೆಯಲ್ಲಿ ನುಡಿಯುವ ಸ್ತೋತ್ರವು ಕೇವಲ ವಿನಯದ ಮಾತಲ್ಲ. ಬಲಿಷ್ಠರು ಗದ್ದುಗೆಯಿಂದ ಉರುಳುವುದನ್ನೂ ಹಸಿದವರು ತೃಪ್ತರಾಗುವುದನ್ನೂ ಅದು ಸಾರುತ್ತದೆ.

ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯವು 1963ರ ನವೆಂಬರಿನಲ್ಲಿ ಸ್ಥಾಪಿತವಾಯಿತು. ಮರುತಿಂಗಳೇ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ದೇಶಭಾಷೆಗಳಿಗೆ ಎಡೆಮಾಡಿತು. ಅಲ್ಲಿಯವರೆಗೆ ಲ್ಯಾಟಿನ್ನಿನಲ್ಲಿ ಮುಚ್ಚಿಕೊಂಡಿದ್ದ ಈ ಸ್ತೋತ್ರಕ್ಕೆ ಆರಾಧನೆಯಲ್ಲಿಯೂ ಕನ್ನಡ, ಕೊಂಕಣಿಗಳ ಬಾಗಿಲು ತೆರೆಯಿತು. ತೋಟದ ಸಾಹುಕಾರರೂ ಲೈನ್ ಮನೆಗಳ ಕಾರ್ಮಿಕರೂ ಇರುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಭಕ್ತಿಯ ಮಾಧುರ್ಯದಲ್ಲಿ ಆ ಸಾಲುಗಳ ಕಾವು ಆರಿಹೋಗುತ್ತದೆಂಬುದು ನನ್ನ ಅಭಿಪ್ರಾಯ.

ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿಯೂ ಈ ಎಳೆದಾಟವಿದೆ. ಎಸ್ತೋನಿಯಾದ ಆರ್ವೊ ಪ್ಯಾರ್ಟ್ 1989ರಲ್ಲಿ ಇದೇ ಸ್ತೋತ್ರವನ್ನು ವಾದ್ಯರಹಿತ ವೃಂದಗಾನವಾಗಿ ರಚಿಸಿದರು. ಅಲ್ಲಿ ಮರಿಯಳು ವ್ಯಕ್ತಿಯಾಗಿ ಕಾಣದೆ ಪ್ರಾರ್ಥನೆಯ ಮೌನದಲ್ಲಿ ಕರಗುತ್ತಾಳೆ. ಅಮೆರಿಕದ ಜಾನ್ ಆಡಮ್ಸ್ ಅವರ 'ಎಲ್ ನಿನ್ಯೊ' (ಪ್ಯಾರಿಸ್, 2000) ಕೃತಿಯ ದಾರಿ ಬೇರೆ. ಹೆರೋದನ ಶಿಶುಹತ್ಯೆಯ ಪ್ರಸಂಗಕ್ಕೆ ಅಲ್ಲಿ, 1968ರ ಮೆಕ್ಸಿಕೊ ವಿದ್ಯಾರ್ಥಿಗಳ ಹತ್ಯೆಯನ್ನು ಕುರಿತ ರೊಸಾರಿಯೊ ಕಾಸ್ತೆಯಾನೋಸ್ ಅವರ ಕವಿತೆ ಹೆಣ್ಣುಕಂಠದಲ್ಲಿ ಬಂದು ಸೇರುತ್ತದೆ. ತಾಯಿ ಇಲ್ಲಿ ಸಾಕ್ಷಿಯೂ ಹೌದು.

ಜಾನಪದದವನಾದ ನನಗೆ ಇದು ಅಪರಿಚಿತವೆನಿಸಲಿಲ್ಲ. ಮಂಗಳೂರಿನಿಂದ ಘಟ್ಟ ಹತ್ತಿದ ಕೊಂಕಣಿ ಕಥೋಲಿಕರ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ತೆಂಗಿನ ಹಾಲು ಹಚ್ಚುವಾಗ ಹೆಂಗಸರು 'ವೊವಿಯೊ' ಹಾಡುತ್ತಾರೆ. ಹಿರಿಯಳೊಬ್ಬಳು ದೇವರನ್ನು ನೆನೆದು ಸಾಲೆತ್ತುತ್ತಾಳೆ. ತವರು ಬಿಡುವವಳ ದುಃಖವನ್ನು ಉಳಿದವರು ದನಿಗೂಡಿಸಿ ಮುಂದುವರಿಸುತ್ತಾರೆ.