ಮಟ್ಟಾಂಚೇರಿ: ಹವ್ಯಾಸಿ ಛಾಯಾಗ್ರಾಹಕನ ಒಂದು ದಿನ

ಕೇರಳದ ಹಿನ್ನೀರು ಅರಬ್ಬೀ ಸಮುದ್ರವನ್ನು ಕೂಡುವ ಅಳಿವೆಯ ದಡದಲ್ಲಿ ಫೋರ್ಟ್ ಕೊಚ್ಚಿ ಹಾಗೂ ಮಟ್ಟಾಂಚೇರಿ ಎಂಬ ಎರಡು ಪೇಟೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕಾಲ್ನಡಿಗೆಯಲ್ಲಿಯೇ ಸುತ್ತಬಹುದಾದ ಈ ಪ್ರದೇಶದಲ್ಲಿ ಮಲಯಾಳಿಗಳೊಂದಿಗೆ ಕೊಂಕಣಿಗರು, ಗುಜರಾತಿಗಳು, ಕಚ್ಛಿ ಮೇಮನರು, ತಮಿಳರು, ಆಂಗ್ಲೋ ಇಂಡಿಯನ್ನರು ತಲೆಮಾರುಗಳಿಂದ ನೆಲೆಸಿದ್ದಾರೆ. ಒಂದು ದಿನದ ಬಿಡುವಿನಲ್ಲಿ ಕ್ಯಾಮೆರಾ ಹಿಡಿದು ಹೋಗಬಯಸುವ ಓದುಗರಿಗಾಗಿ ಈ ಪರಿಚಯ.

ಹಿನ್ನೆಲೆ

1341ರ ಪೆರಿಯಾರ್ ನದಿಯ ಮಹಾಪೂರದಿಂದ ಕೊಡುಂಗಲ್ಲೂರಿನ ಹಳೆಯ ಬಂದರು ಹೂಳು ತುಂಬಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಪ್ರತೀತಿ. 1500ರಲ್ಲಿ ಪೋರ್ಚುಗೀಸರು ಬಂದರು. 1663ರಲ್ಲಿ ಡಚ್ಚರೂ 1795ರಲ್ಲಿ ಆಂಗ್ಲರೂ ಊರನ್ನು ವಶಪಡಿಸಿಕೊಂಡರು. ಆಳುವವರು ಬದಲಾದರೂ ಮೆಣಸಿನ ವ್ಯಾಪಾರ ನಿಲ್ಲಲಿಲ್ಲ. ಅದನ್ನು ನಂಬಿ ಬಂದವರು ಇಲ್ಲಿಯೇ ಮನೆ ಕಟ್ಟಿದರು.

ಬೆಳಗಿನ ಹೊತ್ತು

ಎರ್ನಾಕುಲಮ್‌ನಿಂದ ದೋಣಿಯಲ್ಲಿ ಬರುವುದು ಉತ್ತಮ. 2023ರಲ್ಲಿ ಆರಂಭವಾದ ಜಲ ಮೆಟ್ರೊ ಸೇವೆಯೂ ಈಗ ಫೋರ್ಟ್ ಕೊಚ್ಚಿಯನ್ನು ಮುಟ್ಟುತ್ತದೆ. ದಡದಲ್ಲಿ ಮೊದಲು ಕಾಣುವುದು ಚೀನೀ ಬಲೆಗಳು. ಮರದ ಕಂಬಗಳಿಗೆ ಕಟ್ಟಿದ ವಿಶಾಲವಾದ ಬಲೆಯನ್ನು ನೀರಿಗಿಳಿಸಿ, ಹಗ್ಗಕ್ಕೆ ತೂಗುಬಿಟ್ಟ ಕಲ್ಲುಗಳ ಭಾರದಿಂದ ಮೇಲೆತ್ತುವರು. ನಾಲ್ಕಾರು ಜನ ಒಟ್ಟಿಗೆ ಹಗ್ಗ ಜಗ್ಗುವ ಕ್ಷಣಕ್ಕಾಗಿ ತಾಳ್ಮೆಯಿಂದ ಕಾಯಬೇಕು.

ಸಮೀಪದಲ್ಲಿಯೇ ಸೇಂಟ್ ಫ್ರಾನ್ಸಿಸ್ ಚರ್ಚು. 1524ರಲ್ಲಿ ಕೊಚ್ಚಿಯಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಮೊದಲು ಇಲ್ಲಿಯೇ ಹೂಳಲಾಗಿತ್ತು. ಅನಂತರ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ಯಲಾಯಿತು.

ಬಿಸಿಲೇರಿದಾಗ ಧೋಬಿಖಾನೆಗೆ ಹೋಗಬೇಕು. ಡಚ್ ಸೈನಿಕರ ಬಟ್ಟೆ ಒಗೆಯಲು ಕರೆತಂದವರೆಂದು ಹೇಳಲಾಗುವ ತಮಿಳು ವಣ್ಣಾನ್ ಜನರು ಇಂದಿಗೂ ಅಲ್ಲಿ ದುಡಿಯುತ್ತಾರೆ. ಹುರಿಹಗ್ಗದ ಎಳೆಗಳ ನಡುವೆ ಸಿಕ್ಕಿಸಿದ ಬಿಳಿಯ ಬಟ್ಟೆಗಳ ಸಾಲು ಒಳ್ಳೆಯ ಚಿತ್ರವಾಗುತ್ತದೆ. ಆದರೆ ಅದು ಅವರ ಕೆಲಸದ ಜಾಗ. ಮೊದಲು ಒಂದು ಮಾತು ಕೇಳಿ, ಬಳಿಕ ಕ್ಯಾಮೆರಾ ಎತ್ತುವುದು ಸೌಜನ್ಯ.

ಮಧ್ಯಾಹ್ನ

ಮಟ್ಟಾಂಚೇರಿಯ ಅರಮನೆಯನ್ನು ಪೋರ್ಚುಗೀಸರು 1555ರ ಸುಮಾರಿಗೆ ಕೊಚ್ಚಿಯ ಅರಸನಿಗೆ ಕಟ್ಟಿಸಿಕೊಟ್ಟರು. ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಡಚ್ ಅರಮನೆಯೆಂಬ ಹೆಸರು ನಿಂತಿತು. ಒಳಗೆ ರಾಮಾಯಣದ ಭಿತ್ತಿಚಿತ್ರಗಳಿವೆ. ಅದರ ಮಗ್ಗುಲಲ್ಲಿ ದೇವಸ್ಥಾನ, ಅದರಾಚೆ 1568ರಲ್ಲಿ ಕಟ್ಟಿದ ಯೆಹೂದಿಗಳ ಪರದೇಶಿ ಪ್ರಾರ್ಥನಾ ಮಂದಿರ. ಶುಕ್ರವಾರ ಮತ್ತು ಶನಿವಾರ ಬಿಟ್ಟು ಹೋಗುವುದು ಲೇಸು. ಕ್ಯಾಮೆರಾ ನಿಷೇಧವಿರುವಲ್ಲಿ ಅದನ್ನು ಚೀಲಕ್ಕೆ ಸೇರಿಸಿ ಕಣ್ಣಿನಿಂದಲೇ ನೋಡಬೇಕು. ಮಂದಿರದ ನೆಲಕ್ಕೆ ಹಾಸಿರುವ ಚೀನಾದ ನೀಲಿ ಬಿಳಿ ಹಂಚುಗಳು ಕೈಯಿಂದ ಚಿತ್ರಿಸಿದವು.

ಕನ್ನಡದಲ್ಲಿ 'ಪರದೇಶಿ' ಎಂದರೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ಆದರೆ ಇಲ್ಲಿನ ಪರದೇಶಿಗಳು ದಿಕ್ಕಿಲ್ಲದವರಾಗಿರಲಿಲ್ಲ. ಅರಸನೇ ಅರಮನೆಯ ಪಕ್ಕದಲ್ಲಿ ನೆಲವನ್ನಿತ್ತಿದ್ದನು. 1968ರಲ್ಲಿ ಮಂದಿರದ ನಾನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಅನಂತರ ಒಂದೊಂದೇ ಕುಟುಂಬ ಹೊರಟಿತು. ಇಲ್ಲಿ ಯಾರೂ ಅವರನ್ನು ಓಡಿಸಲಿಲ್ಲ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಬೇಕೆಂಬುದು ಅವರ ನಿಯಮ. ಆ ಹತ್ತು ಮಂದಿಯೂ ಕೂಡದಂತಾಯಿತು. ಬೀದಿಯಲ್ಲಿ ಕಸೂತಿ ಅಂಗಡಿ ನಡೆಸುತ್ತಿದ್ದ ಸಾರಾ ಕೊಹೆನ್ 2019ರಲ್ಲಿ ತೀರಿಕೊಂಡರು. ಅವರ ಮುಪ್ಪಿನಲ್ಲಿ ಆಸರೆಯಾಗಿ, ಅಂಗಡಿಯನ್ನೂ ನಡೆಸಿಕೊಂಡು ಬಂದವರು ಒಂದು ಮುಸ್ಲಿಂ ಕುಟುಂಬದವರೆಂಬುದು ಈ ಊರಿನ ಸ್ವಭಾವವನ್ನು ತಿಳಿಸುತ್ತದೆ.

ಇಳಿಹೊತ್ತು

ಇದಕ್ಕೆ ವ್ಯತಿರಿಕ್ತವಾದ ದೃಶ್ಯ ಸಮೀಪದಲ್ಲಿರುವ ಕೊಂಕಣಿಗರ ತಿರುಮಲ ದೇವಸ್ವಮ್‌ನಲ್ಲಿದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ಬಿಟ್ಟ ಗೌಡ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನೆಲೆಸಿದರೆ, ಕೆಲವರು ಇಲ್ಲಿಯವರೆಗೆ ಬಂದರು. ಡಚ್ ಅಧಿಕಾರಿ ವಾನ್ ರೀಡೆ ರೂಪಿಸಿದ, 1678ರಿಂದ 1693ರ ಅವಧಿಯಲ್ಲಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಸಸ್ಯಗ್ರಂಥ 'ಹೋರ್ಟಸ್ ಮಲಬಾರಿಕಸ್'ಗೆ ಈಳವ ವೈದ್ಯ ಇಟ್ಟಿ ಅಚ್ಯುದನ್ ಅವರೊಡನೆ ನೆರವಾದವರು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು. ಅವರ ಭಾಷೆ ಈ ಕೇರಿಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ.

ಸಂಜೆ ಮತ್ತೆ ಬಲೆಗಳ ಬಳಿಗೆ ಬರಬೇಕು. ಆಕಾಶದ ಬೆಳಕಿಗೆ ಹೊಂದಿಸಿ ತೆಗೆದರೆ ಬಲೆಗಳು ಕಪ್ಪು ರೇಖೆಗಳಾಗಿ ಮೂಡುತ್ತವೆ. ಮನೆಗೆ ಮರಳಿ ಚಿತ್ರಗಳನ್ನು ನೋಡಿದಾಗ ನನಗೆ ಹೊಳೆದದ್ದಿಷ್ಟು: ಯೆಹೂದಿ ಬೀದಿಯ ಚಿತ್ರಗಳಲ್ಲಿ ಗೋಡೆ, ಬಾಗಿಲು, ಗಡಿಯಾರದ ಗೋಪುರಗಳಿದ್ದವು, ದೇವಸ್ಥಾನದ ಹೊರಗೆ ತೆಗೆದವುಗಳಲ್ಲಿ ಅಜ್ಜಿಯ ಕೈ ಹಿಡಿದ ಮೊಮ್ಮಕ್ಕಳಿದ್ದರು. ಕಟ್ಟಡವನ್ನು ಸರಕಾರ ಕಾಪಾಡಬಹುದು, ಹತ್ತು ಮಂದಿಯನ್ನು ಕೂಡಿಸುವುದು ಮನೆಯವರ ಕೆಲಸ. ಹೊರನಾಡಿನಲ್ಲಿ ಸಭಾಂಗಣ ಕಟ್ಟಿಕೊಂಡಿರುವ ನಾವೂ ಇದನ್ನು ನೆನಪಿನಲ್ಲಿಡುವುದು ಒಳಿತು. ಮಟ್ಟಾಂಚೇರಿಗೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿರಿ.