ಗಾರೆಯ ಗೋಡೆ, ಕಡಲ ಸುಣ್ಣ

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳು ಬಹುಮಟ್ಟಿಗೆ ಸುಣ್ಣದ ಗಾರೆಯವು. ಗೂಡಿನಲ್ಲಿ ಸುಣ್ಣದ ಕಲ್ಲನ್ನು ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅರಳಿದ ಸುಣ್ಣವು ಗೋಡೆಯಲ್ಲಿ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಕೊಟ್ಟದ್ದನ್ನೇ ಮರಳಿ ಪಡೆಯುವುದರಿಂದ ಇಲ್ಲಿ ಉಳಿತಾಯವಿಲ್ಲ.

ಸುಣ್ಣದ ಈ ಗುಣವನ್ನೇ ಆಧರಿಸಿ, ವಾತಾವರಣದ ಇಂಗಾಲವನ್ನು ತಗ್ಗಿಸಲು ಅದನ್ನು ಸಾಗರಕ್ಕೆ ಬೆರೆಸುವ ಸಾಧ್ಯತೆಯನ್ನು 1995ರಲ್ಲಿ ಹರೂನ್ ಖೇಶ್ಗಿ ಎಂಬ ವಿಜ್ಞಾನಿ ಪ್ರತಿಪಾದಿಸಿದರು. ಕಡಲಿನಲ್ಲಿ ಸುಣ್ಣವು ಕಲ್ಲಾಗದೆ ಕರಗಿ ಬೈಕಾರ್ಬನೇಟ್ ರೂಪ ತಾಳಿದರೆ, ಸುಡುವಾಗ ಕಲ್ಲು ಬಿಟ್ಟ ಅನಿಲದ ಎರಡರಷ್ಟಕ್ಕೆ ಸಮೀಪದ ಪ್ರಮಾಣವನ್ನು ನೀರು ಹಿಡಿದಿಡಬಲ್ಲದು. ಆದರೆ ಉರುವಲಿನ ಹೊಗೆಯನ್ನೂ ಎಣಿಸಿದಾಗ ಲಾಭ ಕುಗ್ಗುತ್ತದೆ. ಸುರಿದೆಡೆ ಕ್ಷಾರತೆ ಹಠಾತ್ತನೆ ಏರಿದರೆ ಜಲಚರಗಳಿಗೆ ಅಪಾಯವೂ ಉಂಟು.

ಸುಣ್ಣದ ಚರಿತ್ರೆಯು ನಮ್ಮಲ್ಲಿ ಹೆಚ್ಚಾಗಿ ಕಟ್ಟಡಗಳ ಚರಿತ್ರೆಯಾಗಿಯೇ ಬಂದಿದೆ. ಗೂಡಿನ ಚರಿತ್ರೆಯಾಗಿ ಅಲ್ಲ. ಕಲ್ಲೆಷ್ಟು, ಉರುವಲೆಷ್ಟು, ಎಷ್ಟು ಹೊತ್ತಿನ ಬೇಗೆ ಎಂಬುದು ಸುಣ್ಣ ಸುಡುವವರ ಬಾಯಿಮಾತಿನ ವಿದ್ಯೆ. ಸಿಮೆಂಟು ಬಂದ ಮೇಲೆ ಅದು ಕ್ಷೀಣಿಸಿತು. ಕಡಲನ್ನು ಕುರಿತ ಇಂದಿನ ಲೆಕ್ಕವೂ ಗೂಡಿನ ಬಾಯಿಂದಲೇ ಆರಂಭವಾಗಬೇಕಾದುದರಿಂದ, ಆ ವಿದ್ಯೆಯನ್ನು ಬಲ್ಲವರು ಇರುವಾಗಲೇ ದಾಖಲಿಸಿಕೊಳ್ಳುವುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.