ಅಮಿನಿದಿವಿ: ನಮ್ಮ ಹಳೆಯ ಜಿಲ್ಲೆಯ ಕಡಲತೀರಗಳು

ಹವಳದ್ವೀಪದ ತೀರದಲ್ಲಿ ಈಜಾಡಿ, ನೀರೊಳಗಣ ಮೀನು ಹವಳಗಳನ್ನು ಕಣ್ಣಾರೆ ಕಂಡುಬರಬೇಕೆಂಬ ಆಸೆಯು ಈಚೆಗೆ ನಮ್ಮ ಸೀಮೆಯ ತರುಣರಲ್ಲಿ ಬಲವಾಗಿ ಹುಟ್ಟಿಕೊಂಡಿದೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿ ಉಸಿರುಕೊಳವೆ ತೊಟ್ಟು ಕಡಲಲ್ಲಿ ಈಜಿದ ಚಿತ್ರಗಳು ಪ್ರಕಟವಾದ ಮೇಲಂತೂ ‘ಯಾವ ದ್ವೀಪಕ್ಕೆ ಹೋಗುವುದು ಲೇಸು?’ ಎಂಬ ಪ್ರಶ್ನೆಯು ಮದುವೆಯ ಚಪ್ಪರಗಳಲ್ಲಿಯೂ ಕೇಳಿಬರತೊಡಗಿತು. ಕೇಳುವವರೂ ಹೇಳುವವರೂ ಆ ದ್ವೀಪಗಳನ್ನು ಯಾವುದೋ ಪರದೇಶವೆಂಬಂತೆಯೇ ಭಾವಿಸಿ ಮಾತನಾಡುವುದನ್ನು ನಾವು ಕಂಡಿದ್ದೇವೆ. ಆದರೆ 1956ರ ಅಕ್ಟೋಬರ್ 31ರವರೆಗೆ ಆ ದ್ವೀಪಗಳಲ್ಲಿ ಐದು ನಮ್ಮ ಜಿಲ್ಲೆಯಲ್ಲಿಯೇ ಇದ್ದುವು. ಕಾಸರಗೋಡು ಯಾವ ಕಲೆಕ್ಟರರ ಆಡಳಿತಕ್ಕೆ ಸಲ್ಲುತ್ತಿತ್ತೋ ಅದೇ ಮಂಗಳೂರಿನ ಕಲೆಕ್ಟರರಿಗೆ ಆ ಐದೂ ಸಲ್ಲುತ್ತಿದ್ದುವು.

ಅಮಿನಿ, ಕಡಮತ, ಕಿಲ್ತಾನ, ಚೆತ್ಲಾತ, ಬಿತ್ರ ಎಂಬುವು ಆ ಐದು. ಇವಕ್ಕೆ ಒಟ್ಟಾಗಿ ಅಮಿನಿದಿವಿಗಳೆಂದು ಹೆಸರು. ಇವುಗಳಲ್ಲಿ ನಮಗೆ ಹತ್ತಿರವಾದ ಕಿಲ್ತಾನವು ಕಾಸರಗೋಡಿನಿಂದ ನೈಋತ್ಯಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ. ಮೊದಲಿಗೆ ಲಕ್ಷದ್ವೀಪದ ಇತರ ನಡುಗಡ್ಡೆಗಳಂತೆ ಇವೂ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ ಸೇರಿದ್ದುವು. ತೆಂಗಿನ ನಾರಿನ ಹುರಿಯನ್ನು ಅರಕ್ಕಲ್ ಒಡೆತನವು ತಾನೇ ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತಿದ್ದುದರಿಂದ ದ್ವೀಪದವರು ಬಹುವಾಗಿ ಬಳಲಿದ್ದರು. ಕೊನೆಗೆ ಅಮಿನಿಯವರು ಆ ಒಡೆತನವನ್ನು ಧಿಕ್ಕರಿಸಿ ಟೀಪು ಸುಲ್ತಾನನ ಆಶ್ರಯವನ್ನು ಬೇಡಿದರು. 1787ರಲ್ಲಿ ಈ ಗುಂಪು ಮೈಸೂರಿನ ಆಳಿಕೆಗೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಬೇಕಲ ಮಂಗಳೂರುಗಳೊಂದಿಗೆ ಅಮಿನಿಯೂ ಆಂಗ್ಲರ ಕೈಸೇರಿತು. ತೆಂಕಣ ದ್ವೀಪಗಳು ಮಾತ್ರ ಅರಕ್ಕಲ್ ಹೆಸರಿನಲ್ಲಿಯೇ ಉಳಿದು, 1908ರ ಒಪ್ಪಂದದಿಂದ ಪೂರ್ತಿಯಾಗಿ ಸರಕಾರಕ್ಕೆ ಸೇರಿದುವು. ಹೀಗೆ ಅವು ಮಲಬಾರಿನವಾದುವು, ಅಮಿನಿದಿವಿಗಳು ಕನ್ನಡ ಜಿಲ್ಲೆಯವಾದುವು.

‘ಕನ್ನಡ ಜಿಲ್ಲೆ’ ಎಂದ ಮಾತ್ರಕ್ಕೆ ದ್ವೀಪದಲ್ಲಿ ಕನ್ನಡವಿತ್ತೆಂದು ಯಾರೂ ತಿಳಿಯಬಾರದು. ಅಲ್ಲಿಯ ಜನರು ಆಡುವುದು ಜೆಸರಿ ಎಂಬ, ಮಲೆಯಾಳದ ಒಂದು ಬಗೆಯ ನುಡಿ. ಆದುದರಿಂದ ಆ ದ್ವೀಪಗಳ ಮೇಲೆ ಹಕ್ಕು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿಗೂ ಮಂಗಳೂರಿಗೂ ಇದ್ದ ನಂಟು ನುಡಿಯದಲ್ಲ, ಅಕ್ಕಿಯದು ಮತ್ತು ಹುರಿಯದು. ದ್ವೀಪದಲ್ಲಿ ಭತ್ತವು ಬೆಳೆಯದು. ತೆಂಗಿನ ಸಿಪ್ಪೆಯನ್ನು ತೀರದ ಉಪ್ಪುನೀರ ಗುಂಡಿಗಳಲ್ಲಿ ಹೂತು ಕೊಳೆಯಿಸಿ, ಹೆಂಗಸರು ಅದನ್ನು ಬಡಿದು ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಗಳಲ್ಲಿ ತುಂಬಿ ಮಂಗಳೂರು ಬಂದರಿಗೆ ತರುತ್ತಿದ್ದರು. ಅಲ್ಲಿ ಸರಕಾರವು ನಿಗದಿಯಾದ ದರದಲ್ಲಿ ಹುರಿಯನ್ನು ಕೊಂಡು ಅಕ್ಕಿಯನ್ನು ಕೊಡುತ್ತಿತ್ತು. ಅರಕ್ಕಲಿನವರ ಏಕಸ್ವಾಮ್ಯವನ್ನು ಸಹಿಸದೆ ಹೊರಬಂದವರಿಗೆ ಮಂಗಳೂರಿನಲ್ಲಿ ದೊರೆತುದೂ ಇನ್ನೊಂದು ಏಕಸ್ವಾಮ್ಯವೇ ಎಂಬುದನ್ನು ಇಲ್ಲಿ ಹೇಳದಿರಲಾಗದು. ಇಂದು ಪ್ರವಾಸಿಗಳು ‘ಬಿಳಿಯ ಮರಳಿನ ನಿರ್ಮಲ ತೀರ’ವೆಂದು ಹೊಗಳುವ ಸ್ಥಳವು ಅಂದು ಸಿಪ್ಪೆ ಕೊಳೆಯುವ, ಕೈಗಳು ಬಿಡುವಿಲ್ಲದೆ ದುಡಿಯುವ ಜಾಗವಾಗಿತ್ತು.

ಇನ್ನು ಯಾವ ತೀರವು ಈಜಿಗೆ ಒಳ್ಳೆಯದೆಂಬ ಪ್ರಶ್ನೆ. ಇದಕ್ಕೆ ಉತ್ತರವನ್ನು ಓಡ ನಡೆಸುತ್ತಿದ್ದವರು ಎಂದೋ ಕಂಡುಕೊಂಡಿದ್ದರೆಂದು ನಮ್ಮ ಅಭಿಪ್ರಾಯ. ಓಡಕ್ಕೆ ಬೇಕಾದ ನೆಲೆಯೂ ಈಜುಗಾರನಿಗೆ ಬೇಕಾದ ನೆಲೆಯೂ ಬಹುಮಟ್ಟಿಗೆ ಒಂದೇ. ಇದನ್ನರಿಯಲು ಹವಳದ್ವೀಪದ ಕಟ್ಟಣೆಯನ್ನು ತುಸು ತಿಳಿಯಬೇಕು. ಸಮುದ್ರದ ಆಳದಿಂದ ಮೇಲೆದ್ದ ದಿಬ್ಬದ ಅಂಚಿನಲ್ಲಿ ಹವಳದ ಜೀವಿಗಳು ಬಳೆಯಾಕಾರದ ಗೋಡೆಯನ್ನು ಕಟ್ಟಿವೆ. ಆ ಗೋಡೆಯ ಮೂಡಣ ಭಾಗದ ಮೇಲೆ ಮರಳೂ ಹವಳದ ಚೂರೂ ರಾಶಿಯಾಗಿ ನೆಲವಾಗಿದೆ. ನೆಲಕ್ಕೂ ಪಡುವಣ ಗೋಡೆಗೂ ನಡುವೆ ತಿಳಿನೀರಿನ ಒಳಗಡಲು ಉಳಿದಿದೆ. ಇದನ್ನೇ ಲಗೂನು ಎನ್ನುತ್ತಾರೆ. ಮುಂಗಾರಿನ ಹೆದ್ದೆರೆಗಳು ನೈಋತ್ಯದಿಂದ ಬಂದು ಪಡುವಣ ಗೋಡೆಗೆ ಬಡಿದು ಮುರಿಯುತ್ತವೆ, ಒಳಗಡಲು ತಕ್ಕಮಟ್ಟಿಗೆ ಶಾಂತವಾಗಿರುತ್ತದೆ. ಹೀಗಾಗಿ ಲಕ್ಷದ್ವೀಪದಲ್ಲಿ ಸಾಮಾನ್ಯವಾಗಿ ಪಡುವಣ ತೀರವು ಮೀಯುವುದಕ್ಕೂ ದೋಣಿ ನಿಲ್ಲಿಸುವುದಕ್ಕೂ ತಕ್ಕುದು. ಮೂಡಣ ತೀರದಲ್ಲಿ ಬಂಡೆಯನ್ನು ದಾಟಿದೊಡನೆ ಕಡಲು ಥಟ್ಟನೆ ಆಳವಾಗುತ್ತದೆ. ಪಡುವಣ ಕಡಲಿಗೆ ನೇರವಾಗಿ ಎದೆಯೊಡ್ಡಿದ ನಮ್ಮ ಉಪ್ಪಳ, ಕುಂಬಳೆಯವರಿಗೆ ಇದು ವಿಚಿತ್ರವಾಗಿ ತೋರಬಹುದು.

ಐದು ದ್ವೀಪಗಳಿಗೂ ಈ ಒಳಗಡಲು ಸಮನಾಗಿ ದೊರೆತಿಲ್ಲ. ಹೆಸರಿಗೆ ಮುಖ್ಯವಾದ ಅಮಿನಿಯು ತನ್ನ ಒಳಗಡಲನ್ನು ತಾನೇ ಬಹುಮಟ್ಟಿಗೆ ತುಂಬಿಕೊಂಡುಬಿಟ್ಟಿದೆ. ವಾಸಕ್ಕೆ ನೆಲ ಹೆಚ್ಚು, ಈಜಿಗೆ ನೀರು ಕಡಮೆ. ಅದರ ಸಮೀಪದ ಕಡಮತವು ಇದಕ್ಕೆ ವಿರುದ್ಧ. ಉದ್ದವು 9 ಕಿಲೋಮೀಟರಿಗೂ ಮಿಗಿಲು, ಅಗಲವು ಅತಿ ಹೆಚ್ಚಿನಲ್ಲಿ ಅರ್ಧ ಕಿಲೋಮೀಟರಿನಷ್ಟು. ಆ ಉದ್ದಕ್ಕೂ ಪಡುವಣಲ್ಲಿ ಒಳಗಡಲು ಹಬ್ಬಿದೆ. ಪ್ರವಾಸಿಗಳಿಗೆ ವಸತಿಯನ್ನೂ ಮುಳುಗು ಈಜಿನ ಶಿಕ್ಷಣವನ್ನೂ ಅಲ್ಲಿ ಏರ್ಪಡಿಸಿರುವುದು ಸಕಾರಣವಾಗಿಯೇ ಇದೆ. ಹೊಸದಾಗಿ ಈಜು ಕಲಿತವರು ನಮ್ಮನ್ನು ಕೇಳಿದರೆ ನಾವು ಕಡಮತವನ್ನೇ ಹೇಳುವೆವು. ಇಳಿತದ ವೇಳೆಯಲ್ಲಿ ಒಳಗಡಲಿನ ಎಷ್ಟೋ ಕಡೆ ನೀರು ಮೊಣಕಾಲಿನವರೆಗೆ ಮಾತ್ರ ಇರುವುದರಿಂದ ಭರತದ ಹೊತ್ತನ್ನು ನೋಡಿ ಇಳಿಯುವುದು ಒಳ್ಳೆಯದು. ಉಸಿರುಕೊಳವೆ ತೊಟ್ಟು ತೇಲುತ್ತ ಹವಳವನ್ನು ನೋಡುವ ಸ್ನಾರ್ಕೆಲಿಂಗಿಗೂ ಆ ಹೊತ್ತೇ ಹಿತ. ಅಪಾಯವೊಂದುಂಟು. ಗೋಡೆಯ ಮೇಲಿನಿಂದ ಒಳಗೆ ಸುರಿದ ನೀರು ಹೊರಗೆ ಹೋಗಬೇಕಾದುದು ಗೋಡೆಯಲ್ಲಿರುವ ಬಿರುಕುಗಳಿಂದಲೇ. ದೋಣಿಗಳು ಬಂದುಹೋಗುವ ದಾರಿಯೂ ಅದೇ. ಇಳಿತದಲ್ಲಿ ಅಲ್ಲಿ ಹೊಳೆಯಂತೆ ಸೆಳೆತವಿರುತ್ತದೆ. ಓಡದವರು ಆ ಬಾಗಿಲನ್ನು ಹೊಕ್ಕು ಹೊರಡಲು ಹೊತ್ತು ಕಾಯುತ್ತಿದ್ದುದು ಈ ಕಾರಣದಿಂದ. ಈಜುವವರು ಆ ಬಾಗಿಲಿನಿಂದ ದೂರವಿರಬೇಕು.

ಸರ್ಫಿಂಗ್ ಎಂಬ ಅಲೆಸವಾರಿಯ ವಿಷಯವೇ ಬೇರೆ. ಅಲೆಗಳು ಮುರಿಯುವುದು ಹವಳದ ಗೋಡೆಯ ಮೇಲೆ. ಅಲ್ಲಿ ನೀರು ತೆಳು, ಕೆಳಗೆ ಅಲುಗಿನಂಥ ಹವಳ. ಕಲಿಯುವವನಿಗೆ ಅದು ತಕ್ಕ ಸ್ಥಳವಲ್ಲ. ಅದಕ್ಕೆ ನಮ್ಮ ಕರೆಯ ಮರಳುತಳವೇ ಮೇಲು. 2004ರಿಂದೀಚೆಗೆ ಮೂಲ್ಕಿಯಲ್ಲಿ ಅಲೆಸವಾರಿಯನ್ನು ಕಲಿಸುತ್ತ ಬಂದಿರುವರು, 2016ರಲ್ಲಿ ಅಲ್ಲಿಗೆ ಸಮೀಪದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಪಂದ್ಯವೂ ನಡೆಯಿತು.

ಪ್ರಾಣಿಪಕ್ಷಿಗಳನ್ನು ನೋಡಬಯಸುವವರಿಗೆ ಬಿತ್ರದ ಚರಿತ್ರೆಯನ್ನು ಹೇಳಬೇಕು. ಬಿತ್ರದ ನೆಲವು ಕೇವಲ 0.10 ಚದರ ಕಿಲೋಮೀಟರ್, ನಮ್ಮೂರ ದೊಡ್ಡ ಅಡಿಕೆ ತೋಟಗಳಷ್ಟು. ಅದರ ಒಳಗಡಲು ಮಾತ್ರ ವಿಶಾಲವಾದುದು. 20ನೆಯ ಶತಮಾನದ ಆರಂಭದವರೆಗೂ ಅಲ್ಲಿ ಮನುಷ್ಯವಸತಿಯಿರಲಿಲ್ಲ. ಕಡಲ ಹಕ್ಕಿಗಳು ಅಲ್ಲಿ ಸಾವಿರಗಟ್ಟಲೆಯಾಗಿ ಮೊಟ್ಟೆಯಿಡುತ್ತಿದ್ದುವು. ಚೆತ್ಲಾತ ಕಿಲ್ತಾನಗಳವರು ಓಡವೇರಿ ಬಂದು ಮೊಟ್ಟೆಗಳನ್ನು ಒಯ್ಯುತ್ತಿದ್ದರು. 1945ರ ಸುಮಾರಿಗೆ ಜನರು ಅಲ್ಲಿ ನೆಲೆಸಿದರು, ಹಕ್ಕಿಗಳು ಬಿಟ್ಟುಹೋದುವು. ಇಂದು ರೀವ ಜಾತಿಯ ಕಡಲ ಹಕ್ಕಿಗಳು ಮೊಟ್ಟೆಯಿಡುವುದು ಕವರತ್ತಿಯ ವಾಯವ್ಯಕ್ಕಿರುವ ಪಿಟ್ಟಿ ಎಂಬ ಪುಟ್ಟ ಮರಳುದಿಬ್ಬದ ಮೇಲೆ. ಅದು ರಕ್ಷಿತ ಪಕ್ಷಿಧಾಮ. ಅದನ್ನು ದೂರದಿಂದ ನೋಡಿ ತೃಪ್ತರಾಗುವುದೇ ವಿಹಿತ.

ಕಾಂಗ್ರೆಸ್ಸಿನ ಸ್ಥಾಪಕನೆಂದು ನಾವು ಮಕ್ಕಳಿಗೆ ಪಾಠ ಹೇಳುವ ಅಲನ್ ಒಕ್ಟೇವಿಯನ್ ಹ್ಯೂಮನು 1875ರಲ್ಲಿ ಈ ದ್ವೀಪಗಳಿಗೆ ಬಂದಿದ್ದನೆಂಬುದು ಬಹುಮಂದಿಗೆ ತಿಳಿಯದು. ದೀಪಸ್ತಂಭಗಳಿಗೆ ಸ್ಥಳ ನೋಡುವ ಸರಕಾರಿ ಹಡಗಿನಲ್ಲಿ ಬಂದ ಆತನ ಮನಸ್ಸೆಲ್ಲ ಹಕ್ಕಿಗಳ ಮೇಲೆಯೇ ಇತ್ತು. ಮರುವರ್ಷವೇ ತನ್ನ ಪಕ್ಷಿಪತ್ರಿಕೆಯಲ್ಲಿ ಆ ಯಾತ್ರೆಯನ್ನು ಸುದೀರ್ಘವಾಗಿ ಬರೆದನು. ವನ್ಯಜೀವಿಗಳನ್ನು ನೋಡುವುದಕ್ಕೆಂದೇ ಆ ಕಡಲಿಗೆ ಹೋದವರಲ್ಲಿ ಆತನು ಮೊದಲಿಗರ ಸಾಲಿನವನು, ಆದರೆ ಅಂದಿನ ರೂಢಿಯಂತೆ ನೋಡುವುದೆಂದರೆ ಕೊಂದು ಕೂಡಿಡುವುದು. ಹಸಿರು ಕಡಲಾಮೆಗಳ ಪಾಡೂ ಹಾಗೆಯೇ ಇತ್ತು. ಓಡಗಳಿಗೆ ಬಳಿಯಲು ಅವುಗಳಿಂದ ಎಣ್ಣೆಯನ್ನು ತೆಗೆಯುತ್ತಿದ್ದರು. ಈಗ ಕಾನೂನಿನ ರಕ್ಷಣೆಯಿಂದ ಅವು ಕಡಮತ, ಅಗತ್ತಿಗಳ ಒಳಗಡಲಿನಲ್ಲಿ ನೀರುಹುಲ್ಲನ್ನು ಮೇಯುತ್ತಿರುವುದನ್ನು ಎದುರಿಗೇ ನೋಡಬಹುದು. ಆಮೆಯನ್ನು ನೋಡಲು ಅಷ್ಟು ದೂರ ಹೋಗಲಾರದವರಿಗೆ ನಮ್ಮ ನೀಲೇಶ್ವರದ ತೈಕಡಪ್ಪುರವಿದೆ. ಅಲ್ಲಿಯ ಕಡಲಕರೆಯವರು ಬೇರೊಂದು ಜಾತಿಯ ಆಮೆಯ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ.

ಈಗ 1956ಕ್ಕೆ ಬರೋಣ. ರಾಜ್ಯ ಪುನರ್ವಿಂಗಡಣೆಯ ಕಾನೂನಿನಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಸೇರತಕ್ಕ ಪ್ರದೇಶಗಳ ಪಟ್ಟಿಯಿದೆ. ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಹೆಸರಿಸಿ, ಕಾಸರಗೋಡು ತಾಲೂಕನ್ನೂ ಅಮಿನಿದಿವಿ ದ್ವೀಪಗಳನ್ನೂ ಹೊರತುಪಡಿಸಿ ಎಂದು ಹೇಳಲಾಗಿದೆ. ನಮ್ಮನ್ನೂ ಅವರನ್ನೂ ಒಂದೇ ವಾಕ್ಯದ ಒಂದೇ ‘ಹೊರತು’ ಜಿಲ್ಲೆಯಿಂದ ಬೇರ್ಪಡಿಸಿತು. ನವೆಂಬರ್ 1ರಂದು ನಾವು ಕೇರಳದ ಮಲಬಾರಿಗೆ ಸಂದೆವು, ಅವರು ಕೇಂದ್ರದ ನೇರ ಆಡಳಿತಕ್ಕೆ ಸಂದರು. ನಮ್ಮ ಅಗಲಿಕೆಯ ಮೇಲೆ ಎಷ್ಟೋ ಲೇಖನ ಭಾಷಣಗಳು ಆದುವು, ಆಗಬೇಕಾದುದೇ. ದ್ವೀಪದ ಬಗ್ಗೆ ಒಂದು ಸೊಲ್ಲೂ ನಮ್ಮ ಕಡೆಯಿಂದ ಹೊರಟುದನ್ನು ನಾವು ಕೇಳಿಲ್ಲ. ನುಡಿಯೊಂದೇ ನಂಟೆಂದು ಎಣಿಸಿದವರಿಗೆ ನೂರೈವತ್ತು ವರ್ಷಗಳ ಹುರಿಯ ನಂಟು ಕಾಣಿಸಲಿಲ್ಲವೆನ್ನಬೇಕು.

ದ್ವೀಪಗಳ ಕಚೇರಿಯು ಮೊದಲು ಕೋಳಿಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಇಡಿಯ ಸಮೂಹಕ್ಕೆ ಲಕ್ಷದ್ವೀಪವೆಂಬ ಹೆಸರಾದಾಗ ಅಮಿನಿದಿವಿ ಎಂಬ ಮಾತು ಆಡಳಿತದ ಹೆಸರಿನಿಂದಲೂ ಅಳಿಯಿತು. ಪ್ರಯಾಣಿಕರ ಹಡಗುಗಳಿಗೆ ಕೊಚ್ಚಿಯು ಮುಖ್ಯ ರೇವಾಯಿತು. ಮಂಗಳೂರಿನ ಹಳೆ ಬಂದರಿನಿಂದ ಮಾತ್ರ ಮಂಜಿಗಳು ಅಕ್ಕಿ, ತರಕಾರಿ, ಜಲ್ಲಿಗಳನ್ನು ತುಂಬಿಕೊಂಡು ಮಳೆಗಾಲ ಕಳೆದ ಮೇಲೆ ಹೊರಟು ಮೇ ತಿಂಗಳ ನಡುವಿನವರೆಗೆ ಓಡಾಡುತ್ತ ಬಂದಿವೆ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ದ್ವೀಪದ ಪ್ರಯಾಣಿಕರನ್ನು ಕರೆತಂದು ಅದೇ ಹಳೆ ಬಂದರಿನಲ್ಲಿ ಇಳಿಸಿತು. ಪರಳಿಯೆಂಬುದು ಬಂಗಾರಂ ಸಮೀಪದ ನಡುಗಡ್ಡೆಗಳ ಹೆಸರು. ಅವುಗಳಲ್ಲಿ ಮೊದಲನೆಯದು ಕಡಲ ಕೊರೆತದಿಂದ ಇಲ್ಲವಾಯಿತೆಂದು 2017ರಲ್ಲಿ ಸಂಶೋಧಕರು ಪ್ರಕಟಿಸಿದ್ದರು.

ಹೋಗುವವರು ಇದನ್ನೂ ತಿಳಿದಿರಬೇಕು. ಕಡಲು ಬಿಸಿಯಾದುದರಿಂದ 1998, 2010, 2016 ಮತ್ತು 2024ರಲ್ಲಿ ಅಲ್ಲಿಯ ಹವಳಗಳು ಬೆಳ್ಳಗಾಗಿ ಬಹುಭಾಗ ಸತ್ತುವು. ಹವಳವು ಸತ್ತರೆ ಗೋಡೆಯು ಸವೆಯುತ್ತದೆ, ಗೋಡೆಯು ಸವೆದರೆ ಒಳಗಡಲೂ ಇಲ್ಲ, ನೆಲವೂ ಇಲ್ಲ. ಕುಡಿಯುವ ಸಿಹಿನೀರೂ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುವಂಥದು. 1967ರ ನಿಯಮದಂತೆ ಹೊರಗಿನವರು ಪರವಾನಗಿಯಿಲ್ಲದೆ ಕಾಲಿಡುವಂತಿಲ್ಲ. ಇದನ್ನು ತೊಡಕೆಂದು ಗೊಣಗುವವರುಂಟು, ನಮಗೆ ಅದು ನ್ಯಾಯವಾಗಿ ತೋರುತ್ತದೆ. ಹವಳದ ಮೇಲೆ ನಿಲ್ಲುವುದೂ ಅದರ ತುಂಡನ್ನು ನೆನಪಿಗೆಂದು ತರುವುದೂ ಕೂಡದು, ತರುವುದು ಕಾನೂನಿನ ಪ್ರಕಾರ ಅಪರಾಧ.

ಪರವಾನಗಿ ದೊರೆಯದವರು ನಿರಾಶರಾಗಬೇಕಾಗಿಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೀರಿನಡಿಯ ಹವಳವನ್ನೂ ಮೀನುಗಳನ್ನೂ, ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳನ್ನೂ ನೋಡಬಹುದು. ಆದರೆ ಅದು ಬಂಡೆಯ ದ್ವೀಪ, ಸುತ್ತಲೂ ಆಳ. ಈಜಿನಲ್ಲಿ ಪಳಗದವರು ದೋಣಿಯಿಂದ ಇಳಿಯದಿರುವುದು ಲೇಸು. ಮಲ್ಪೆಯ ಸೈಂಟ್ ಮೇರಿ ದ್ವೀಪವು ಕಂಬಗಳಂಥ ಅಗ್ನಿಶಿಲೆಗಾಗಿ ನೋಡತಕ್ಕುದೇ ಹೊರತು ಈಜುವುದಕ್ಕಲ್ಲ.

ಬಿತ್ರದ ಮಾತೊಂದು ಉಳಿಯಿತು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. 2025ರ ಜುಲೈಯಲ್ಲಿ, ರಕ್ಷಣಾಕಾರ್ಯಕ್ಕಾಗಿ ಆ ದ್ವೀಪದ ನೆಲವನ್ನು ವಶಪಡಿಸಿಕೊಳ್ಳುವ ಯೋಚನೆಯಿಂದ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆಡಳಿತವು ಪ್ರಕಟಣೆ ಹೊರಡಿಸಿತು. ದ್ವೀಪದವರು ಅದನ್ನು ವಿರೋಧಿಸಿದರು. ನಮ್ಮ ಹಳೆಯ ಜಿಲ್ಲೆಯ ಅತಿ ಚಿಕ್ಕ ಊರಿನ ಆ ಸುದ್ದಿಯನ್ನು ನಾವು ಓದಿದುದು ಮಲೆಯಾಳ ಪತ್ರಿಕೆಯಲ್ಲಿ.